ಹುಮಾಳ ಹನ್ನೆರಡು ಸಾಲು

ಇಂಡಿ
9 ಜುಲೈ 2024

ಭುವ್ವಿ,

ಆಶೀರ್ವಾದವನ್ನು ಪತ್ರದ ಕೊನೆಗೆ ಇಟ್ಟಿದ್ದೇನೆ, ಮೊದಲು ಸಿಟ್ಟು ಓದು. ಫೋನಿನಲ್ಲಿ ಹೇಳೋಣವೆಂದರೆ ನೀನು ‘ಲ್ಯಾಬಿನ್ಯಾಗ ಅದೇನಿ ಕಾಕಾ, ಆಮ್ಯಾಲ ಮಾಡ್ತೇನಿ’ ಎಂದು ಇಟ್ಟುಬಿಡುತ್ತೀ. ಪತ್ರವನ್ನು ಹಾಗೆ ನಡುವೆ ಕಟ್ ಮಾಡಲು ಬರುವುದಿಲ್ಲ.

ನಿನ್ನ ಗೈಡ್ ಪ್ರೇಮಕುಮಾರ ಸರ್ ಆಡಿದ ಮಾತು ಕೇಳಿದಾಗಿನಿಂದ ನನಗೆ ಊಟ ರುಚಿಸಿಲ್ಲ. ನಿನ್ನ ಚಿಗವ್ವ ಕಸ್ತೂರೆವ್ವ ಇದನ್ನು ಒಪ್ಪುವುದಿಲ್ಲ, ದಿನದಂತೆಯೇ ತಿಂದಿದ್ದಾರೆ ಎನ್ನುತ್ತಾಳೆ. ತಿಂದಿದ್ದೇನೆ. ರುಚಿಸಿಲ್ಲ.

ನನಗೆ ತಿಳಿದಷ್ಟು ಬರೆಯುತ್ತೇನೆ, ತಪ್ಪಿದ್ದರೆ ತಿದ್ದು. ನಮ್ಮ ನಿಂಬೆ ಬೆಳೆಗಾರರ ಸಂಘದ ಹುಮಾ ಕೃಷಿ ಡಿಪ್ಲೊಮಾ ಓದಿದವಳು. ತೋಟ ತೋಟ ತಿರುಗಿ ಎಲೆಗಳ ಫೋಟೋ ತೆಗೆಯುತ್ತಾಳೆ. ಯಾವ ಎಲೆಗೆ ಕಜ್ಜಿ ರೋಗ ಬಿದ್ದಿದೆ, ಯಾವುದು ಬರೀ ಸತುವಿಲ್ಲದೆ ಹಳದಿಯಾಗಿದೆ ಎಂದು ಬೇರೆ ಮಾಡುವ ನಿಯಮವನ್ನು ಅವಳೇ ಹನ್ನೆರಡು ಸಾಲಿನಲ್ಲಿ ಬರೆದಳು, ನೀನು ಕಲಿಸಿದ ಆ ಸುಲಭ ಭಾಷೆಯಲ್ಲಿ. ಚುಕ್ಕೆಯ ನಡು ಕಂದು ಇದೆಯೇ, ಸುತ್ತ ಹಳದಿ ಉಂಗುರ ಇದೆಯೇ, ಹೀಗೆ. ಓದಿದರೆ ಅರ್ಧ ನನಗೂ ತಿಳಿಯುತ್ತದೆ. ಫೋಟೋಗಳು ಲಕ್ಷಗಟ್ಟಲೆ. ಒಂದೊಂದಾಗಿ ನೋಡುತ್ತ ಕೂತರೆ ಅಷ್ಟರೊಳಗೆ ರೋಗ ತೋಟವನ್ನೇ ತಿಂದಿರುತ್ತದೆ. ಅದಕ್ಕೆ ನಿಮ್ಮ ಲ್ಯಾಬಿನ ದೊಡ್ಡ ಕಂಪ್ಯೂಟರಿನಲ್ಲಿ ಆ ಕೆಲಸವನ್ನು ಹಂಚಿ ಏಕಕಾಲಕ್ಕೆ ಮಾಡಿಸಬೇಕು. ಹುಮಾ ತನಗೆ ಬರುವ ಭಾಷೆಯಲ್ಲಿ ಬರೆಯಬೇಕು, ಹಂಚುವ ಜಂಜಾಟ ಅವಳ ಕಣ್ಣಿಗೇ ಬೀಳಬಾರದು. ಇದೇ ತಾನೆ ನಿನ್ನ ಪಿಎಚ್‌ಡಿ?

ಈಗ ಆ ಸರ್ ಏನೆನ್ನುತ್ತಾರೆ? ಸುಲಭ ಭಾಷೆಯಿಂದ ಕೆಲಸ ನಿಧಾನ, ಅದನ್ನು ತೆಗೆದುಹಾಕು, ಎಲ್ಲವನ್ನೂ ಯಂತ್ರಕ್ಕೆ ಹತ್ತಿರದ ಕೆಳಮಟ್ಟದ ಭಾಷೆಯಲ್ಲಿ ಬರೆ, ಬೇಕಾದವರು ಅದನ್ನು ಕಲಿತುಕೊಳ್ಳಲಿ. ಕಲಿತುಕೊಳ್ಳಲಿಯಂತೆ. ಅರ್ಜಿ ಇಂಗ್ಲಿಷಿನಲ್ಲಿ ಬರೆಸಿಕೊಂಡು ಬಾ ಎಂದು ನಮ್ಮನ್ನು ಕಚೇರಿಯ ಕಟ್ಟೆಯ ಮೇಲೆ ಕೂಡಿಸಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಇವರೂ ಅದೇ ಪೈಕಿ. ರೋಗ ಗುರುತಿಸಲು ಬರುವವಳು ಹುಮಾ, ಬಾಗಿಲ ಹೊರಗೆ ನಿಲ್ಲುವವಳೂ ಹುಮಾ. ಇದು ಯಾವ ನ್ಯಾಯ?

ನಿಧಾನ ಆಗುತ್ತದೆ ಎಂದರೆ ಆಳು ಹೆಚ್ಚಿಸು, ಅಷ್ಟೆ. ಇಂಡಿ ತಾಲೂಕಿನಲ್ಲಿ ಮೊದಲು ಹನಿ ನೀರಾವರಿ ಪೈಪು ಎಳೆಸಿದವನು ನಾನು. ಏಳನೇ ಇಯತ್ತೆಯಲ್ಲಿ ಇಡೀ ಶಾಲೆಗೆ ಮೊದಲ ನಂಬರು ನನ್ನದು. ಪರೀಕ್ಷೆಗೆ ಕೂತವರು ಎಷ್ಟು ಮಂದಿ ಎಂದು ನಿನ್ನ ಅಪ್ಪ ಕೇಳಬಹುದು, ಅದು ಬೇರೆ ಮಾತು.

ಆಶೀರ್ವಾದ ಇಲ್ಲಿದೆ, ತಗೋ.
ನಿನ್ನ ಕಾಕಾ,
ಗುರಪ್ಪ
(ಉಪಾಧ್ಯಕ್ಷ, ನಿಂಬೆ ಬೆಳೆಗಾರರ ಸಂಘ)


ಹುಬ್ಬಳ್ಳಿ
21 ಜುಲೈ 2024

ಕಾಕಾ,

ಪತ್ರ ಬಂತು. ಹಾಸ್ಟೆಲಿನ ವಾರ್ಡನ್ ಅದನ್ನು ಬೆಳಕಿಗೆ ಹಿಡಿದು ‘ಯಾರವಾ ನಿನಗ ಪತ್ರಾ ಬರಿಯಾವ್ರು, ಈ ಕಾಲದಾಗ?’ ಎಂದರು. ನಮ್ಮ ಕಾಕಾ ಎಂದೆ. ‘ಕೋರ್ಟಿಂದೇನೋ ಅಂದ್ಕೊಂಡಿದ್ದೆ’ ಎಂದರು. ಓದಿದ ಮೇಲೆ ಅವರದೇ ಸರಿ ಅನಿಸಿತು.

ನೀನು ತಿಳಿದುಕೊಂಡದ್ದು ಸರಿಯಾಗಿದೆ. ಆದರೆ ಸರ್ ಹೇಳುವುದರಲ್ಲೂ ಒಂದಿಷ್ಟು ನಿಜ ಇದೆ, ನನಗೆ ಸಿಟ್ಟು ತರಿಸುವುದು ಅದೇ. ಕಂಪ್ಯೂಟರಿನೊಳಗೆ ಕೆಲಸ ಹಂಚುವ ಒಂದು ವ್ಯವಸ್ಥೆ ಇರುತ್ತದೆ, ರನ್‌ಟೈಮ್ ಅನ್ನುತ್ತೇವೆ. ಗ್ಯಾಂಗಿನ ಮುಕಾದಮನ ಹಾಗೆ. ಯಾರು ಖಾಲಿ ಕೂತಿದ್ದಾರೆ, ಯಾರ ಮುಂದೆ ರಾಶಿ ಬಿದ್ದಿದೆ ನೋಡಿ ಹಂಚುತ್ತದೆ. ಬಹಳ ಚುರುಕು. ಆದರೆ ಅದನ್ನು ಕಟ್ಟಿದ್ದು ಕೆಳಮಟ್ಟದ ಭಾಷೆಯಲ್ಲಿ. ಹುಮಾ ಬರೆಯುವ ಭಾಷೆಗೆ ಒಂದು ಹಳೆಯ ಕಟ್ಟುಪಾಡು: ಒಮ್ಮೆಗೆ ಒಬ್ಬರೇ ಕೆಲಸ ಮಾಡಬೇಕು, ಉಳಿದವರು ಕಾಯಬೇಕು.

ನೀನು ಹೇಳಿದಂತೆ ಆಳು ಹೆಚ್ಚಿಸಿದೆ. ಒಬ್ಬನೇ ಮಾಡಿದ್ದಕ್ಕಿಂತ ತಡವಾಯಿತು. ನಿಂಬೆ ಮಾರುಕಟ್ಟೆಗೆ ಎಷ್ಟು ಗ್ಯಾಂಗ್ ಬಂದರೇನು, ತೂಕದ ಕಾಟಾ ಒಂದೇ ಇದ್ದರೆ ಎಲ್ಲರೂ ಅದರ ಮುಂದೆ ಪಾಳಿ ಹಚ್ಚುತ್ತಾರಲ್ಲ, ಹಾಗೆ. ಸಾಲದ್ದಕ್ಕೆ ಎರಡು ಭಾಷೆಗಳ ನಡುವಿನ ಬಾಗಿಲಲ್ಲಿ ಪ್ರತಿ ಫೋಟೋವನ್ನೂ ಬಿಚ್ಚಿ, ಮತ್ತೆ ಕಟ್ಟಿ, ಆಚೆ ಕಳಿಸಬೇಕು. ಹೊತ್ತೆಲ್ಲ ಬಿಚ್ಚುವುದಕ್ಕೂ ಕಟ್ಟುವುದಕ್ಕೂ ಹೋಗುತ್ತಿದೆ.

ಈ ಎರಡನ್ನೂ ಸರಿಯಾಗಿ ಕೂಡಿಸಬಹುದು ಎಂದು ನನಗೆ ನಂಬಿಕೆ ಇದೆ. ಸರ್‌ಗೆ ಇಲ್ಲ. ‘ಹುಮಾ ನಿಮ್ಮ ಬಳಕೆದಾರಳಲ್ಲ, ನೀವು ಹುಟ್ಟಿಸಿಕೊಂಡ ನೆಪ’ ಎಂದು ಎಲ್ಲರ ಎದುರಿಗೆ ಹೇಳಿದರು. ಡಿಸೆಂಬರಿನಲ್ಲಿ ಸಮಿತಿ ಕೂರುತ್ತದೆ. ಅಷ್ಟರೊಳಗೆ ಪ್ರಬಂಧದಿಂದ ಸುಲಭ ಭಾಷೆಯ ಅಧ್ಯಾಯ ತೆಗೆಯದಿದ್ದರೆ ಸಹಿ ಮಾಡುವುದಿಲ್ಲವಂತೆ. ತೆಗೆದರೆ ಐದು ವರ್ಷ ನಾನು ಮಾಡಿದ್ದೇನು? ಮೊದಲೇ ಬಲ್ಲವರಿಗೆ ಇನ್ನೊಂದು ಸಲಕರಣೆ, ಅಷ್ಟೆ.

ಇದನ್ನು ನಿನಗೆ ಹೇಳಿದ್ದು ಮನಸ್ಸು ಹಗುರಾಗಲಿ ಎಂದು. ದಯವಿಟ್ಟು ನೀನು ಏನೂ ಮಾಡಬೇಡ. ನಿನ್ನ ಮೌನವೇ ದೊಡ್ಡ ಸಹಾಯ.

ಚಿಗವ್ವನಿಗೆ ನಮಸ್ಕಾರ ತಿಳಿಸು.
ಭುವನೇಶ್ವರಿ


ನಿಂಬೆ ಬೆಳೆಗಾರರ ಸಂಘ, ಇಂಡಿ
2 ಆಗಸ್ಟ್ 2024

ಮಾನ್ಯ ಪ್ರೇಮಕುಮಾರ ಸರ್ ಅವರಿಗೆ,

ನಾನು ಮೇಲ್ಕಂಡ ಸಂಘದ ಉಪಾಧ್ಯಕ್ಷ, ಪ್ರಗತಿಪರ ರೈತ, ಮತ್ತು ತಮ್ಮ ವಿದ್ಯಾರ್ಥಿನಿ ಭುವನೇಶ್ವರಿಯ ಕಾಕಾ. ಮೊದಲಿನ ಎರಡು ಹೆಸರಿನಿಂದ ಬರೆಯುತ್ತಿದ್ದೇನೆ, ಮೂರನೆಯದನ್ನು ಮರೆತುಬಿಡಿ.

ಭುವನೇಶ್ವರಿ ಕಟ್ಟಿದ ವ್ಯವಸ್ಥೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ತಾಲೂಕುಗಳಲ್ಲಿ ಭರದಿಂದ ನಡೆದಿದೆ. ರೈತರು, ಸಾಲಿ ಮಾಸ್ತರರು, ಹೆಣ್ಣುಮಕ್ಕಳು ತಮ್ಮ ತಮ್ಮ ಬೆಳೆಯ ನಿಯಮವನ್ನು ತಾವೇ ಸುಲಭ ಭಾಷೆಯಲ್ಲಿ ಬರೆಯುತ್ತಿದ್ದಾರೆ. ಹೀಗಿರುವಾಗ ಆ ಭಾಗ ಬೇಡ ಎಂದು ತಾವು ಹೇಳಿದ್ದು ಕೇಳಿ ಸಂಘಕ್ಕೆ ಬಹಳ ಖೇದವಾಗಿದೆ.

ಸರ್, ಒಂದು ಪ್ರಶ್ನೆ. ಯಂತ್ರ ಇರುವುದು ನಮ್ಮ ಕೆಲಸಕ್ಕೋ, ನಾವು ಇರುವುದು ಯಂತ್ರದ ಭಾಷೆ ಕಲಿಯುವುದಕ್ಕೋ? ಬಸ್ ಹತ್ತುವವರೆಲ್ಲ ಎಂಜಿನ್ ಬಿಚ್ಚಲು ಕಲಿತು ಬರಲಿ ಎಂದು ಕಂಡಕ್ಟರ್ ಅಂದರೆ ಸ್ಟ್ಯಾಂಡಿನಲ್ಲಿ ಅವನಿಗೆ ಏನು ಮರ್ಯಾದೆ ಸಿಕ್ಕೀತು, ತಾವೇ ಊಹಿಸಿ.

ತಾವು ಸಮಿತಿಯವರೊಂದಿಗೆ ಇಂಡಿಗೆ ಬಂದು ಕಣ್ಣಾರೆ ನೋಡಬೇಕು. ನಿಂಬೆ ಶರಬತ್ತು, ಊಟ, ಶಾಲು ಎಲ್ಲ ಸಂಘದ ಕಡೆಯಿಂದ.

ಉತ್ತರದ ದಾರಿ ನೋಡುವ,
ಗುರಪ್ಪ, ಉಪಾಧ್ಯಕ್ಷ
(ಸಂಘದ ಶಿಕ್ಕಾ ಒತ್ತಿದೆ)


ಹುಬ್ಬಳ್ಳಿ
16 ಆಗಸ್ಟ್ 2024

ಶ್ರೀ ಗುರಪ್ಪ ಅವರಿಗೆ,

ತಮ್ಮ ಪತ್ರ ತಲುಪಿದೆ. ಸದರಿ ವ್ಯವಸ್ಥೆ ನಾಲ್ಕು ತಾಲೂಕುಗಳಲ್ಲಿ ಬಳಕೆಯಲ್ಲಿದೆ ಎಂದು ತಾವು ತಿಳಿಸಿದ್ದೀರಿ. ನನ್ನ ವಿದ್ಯಾರ್ಥಿನಿಯ ವರದಿಯಲ್ಲಿ ಒಬ್ಬರೇ ಬಳಕೆದಾರರ ಉಲ್ಲೇಖವಿದೆ. ಎರಡೂ ನಿಜವಾಗಿರಲು ಸಾಧ್ಯವಿಲ್ಲ. ತಮ್ಮ ಪತ್ರವನ್ನು ಬರೆಸಿದವರು ಯಾರು ಎಂಬ ಪ್ರಶ್ನೆಯೂ ಸಹಜವಾಗಿ ಏಳುತ್ತದೆ. ಆದ್ದರಿಂದ ವಿದ್ಯಾರ್ಥಿನಿಯಿಂದ ಲಿಖಿತ ವಿವರಣೆ ಕೇಳಿದ್ದೇನೆ.

ಸಂಶೋಧನೆಯ ನಿರ್ಧಾರಗಳನ್ನು ಸಂಘಗಳ ಠರಾವಿನಿಂದ ಮಾಡಲಾಗುವುದಿಲ್ಲ. ಆಹ್ವಾನಕ್ಕೆ ವಂದನೆಗಳು.

ತಮ್ಮ ವಿಶ್ವಾಸಿ,
ಪ್ರೇಮಕುಮಾರ


ಹುಬ್ಬಳ್ಳಿ
18 ಆಗಸ್ಟ್ 2024

ಕಾಕಾ,

ಈ ಪತ್ರದಲ್ಲಿ ನಿಮ್ಮನ್ನು ‘ನೀವು’ ಎಂದು ಬರೆಯುತ್ತಿದ್ದೇನೆ. ಯಾಕೆಂದು ನಿಮಗೆ ಗೊತ್ತು.

ಸರ್ ನನ್ನನ್ನು ಕರೆದು ನಿಮ್ಮ ಪತ್ರವನ್ನು ಮೇಜಿನ ಮೇಲೆ ಇಟ್ಟರು. ‘ಇದನ್ನ ನೀವೇ ಬರೆಸಿದ್ರಾ?’ ಎಂದರು. ಇಲ್ಲ ಎಂದೆ. ‘ಹಾಗಾದ್ರೆ ನಿಮ್ಮ ವರದಿಯಲ್ಲಿ ಇರೋ ಬೇರೆ ಅಂಕಿಗಳನ್ನ ನಾನು ಹೇಗೆ ನಂಬಲಿ?’ ಎಂದರು. ನಾನು ಏನು ಹೇಳಬೇಕಿತ್ತು? ನಮ್ಮ ಕಾಕಾ ಯಾವಾಗಲೂ ಹೀಗೆಯೇ, ಬಾವಿಯಲ್ಲಿ ಒಂದು ಕೊಡ ನೀರು ಕಂಡರೆ ಕೆರೆ ಎಂದು ಹೇಳುವವರು, ಎಂದು ಹೇಳಬೇಕಿತ್ತೇ?

ಐದು ವರ್ಷದಲ್ಲಿ ನನ್ನ ಕೆಲಸ ನಿಧಾನ ಎಂದವರಿದ್ದಾರೆ, ಬೇಡ ಎಂದವರಿದ್ದಾರೆ. ಸುಳ್ಳು ಎಂದವರು ಇರಲಿಲ್ಲ. ಆ ಹೆಸರನ್ನು ನೀವು ಕೊಡಿಸಿದಿರಿ, ಶಿಕ್ಕಾ ಹೊಡೆದು.

ನನ್ನ ಜಗಳವನ್ನು ನನ್ನ ಕೈಯಿಂದ ಕಸಿದುಕೊಳ್ಳಲು ನಿಮಗೆ ಯಾರು ಹೇಳಿದರು? ಹುಮಾಳಿಗೆ ಮಾತು ಬರುವುದಿಲ್ಲ ಎಂದು ಸರ್ ಅಂದುಕೊಂಡರು. ನನಗೆ ಬರುವುದಿಲ್ಲ ಎಂದು ನೀವು ಅಂದುಕೊಂಡಿರಿ. ಇಬ್ಬರಲ್ಲಿ ವ್ಯತ್ಯಾಸ ಏನು ಎಂದು ಹುಡುಕುತ್ತಿದ್ದೇನೆ.

ಉತ್ತರ ಬರೆಯಬೇಡಿ.
ಭುವನೇಶ್ವರಿ


ಇಂಡಿ
5 ಅಕ್ಟೋಬರ್ 2024

ಭುವ್ವಿ,

ಉತ್ತರ ಬರೆಯಬೇಡಿ ಎಂದು ನೀನು ಬರೆದಿದ್ದೆ. ಇದು ಉತ್ತರವಲ್ಲ, ತಕರಾರು.

ನನ್ನನ್ನೂ ಆ ಮನುಷ್ಯನನ್ನೂ ಒಂದೇ ತಕ್ಕಡಿಯಲ್ಲಿ ಹಾಕಿದೆಯಲ್ಲ, ಅದಕ್ಕೆ ತಕರಾರು. ನಾಲ್ಕು ತಾಲೂಕು ಎಂದೆ, ಹೌದು. ಒಂದು ತಾಲೂಕು ಎಂದರೆ ಯಾರು ಓದುತ್ತಾರೆ? ಸುಳ್ಳಲ್ಲ ಅದು, ಸ್ವಲ್ಪ ಮುಂಚಿತವಾಗಿ ಹೇಳಿದ್ದು. ಇದನ್ನೇ ಹುಮಾಳ ಮುಂದೆಯೂ ಹೇಳಿದೆ. ಅವಳು ಸಂಘದ ಆಫೀಸಿನಲ್ಲಿ ಕೂತವರ ಎದುರಿಗೇ ನನ್ನ ಮೇಲೆ ತಿರುಗಿದಳು.

‘ಕಾಕಾರ, ನಾ ನಿಮ್ಮನ್ನ ತೋಟಕ್ಕ ಹೋಗಾಕ ಗಾಡಿ ಕೇಳಿದ್ದೆ. ವಕೀಲಿಕಿ ಕೇಳಿದ್ದಿಲ್ಲ.’

‘ನಿನ್ನ ಸಲುವಾಗೇ ಬರದೇನವ್ವಾ’ ಎಂದೆ.

‘ನನ್ನ ಸಲುವಾಗಿ ಬರಿಯೂದಿದ್ರ ನನ್ನ ಕೇಳಿ ಬರೀಬೇಕಿತ್ತು. ನನಗ ಬರಿಯಾಕ ಬರೂದಿಲ್ಲೇನು? ಈಗ ಆ ಸರ್ ಕಣ್ಣಾಗ ನಾನೂ ನಿಮ್ಮ ಸಿಂದಗಿ, ಬಾಗೇವಾಡಿ ಇದ್ಹಂಗ. ಇಲ್ಲದಾಕಿ.’

ನಾನು ಶರಬತ್ತು ತರಿಸಿದೆ. ಅವಳು ಕುಡಿಯಲಿಲ್ಲ.

ಇನ್ನೊಂದು ಸಂಗತಿ. ಚಿಗವ್ವ ಫೋನಿನಲ್ಲಿ ನಿನಗೆ ತನಗೆ ಬೇಕಾದಂತೆ ಹೇಳುವುದಕ್ಕಿಂತ ಮೊದಲು ನಾನೇ ಬರೆಯುತ್ತೇನೆ. ಶ್ರಾವಣದಲ್ಲಿ ನಮ್ಮ ಮಠದ ಪುರಾಣ ಮಂಗಲಕ್ಕೆ ಮನೆಮನೆಯಿಂದ ರೊಟ್ಟಿ ಬರುವುದು ನಿನಗೆ ಗೊತ್ತು. ಮನೆಗೆ ಇಷ್ಟು ಎಂದು ಹೇಳಿ ಕಳಿಸುತ್ತಾರೆ, ಅವರವರು ಅವರವರ ಒಲೆಯ ಮೇಲೆ ಬಡಿದು ಬಟ್ಟೆಯಲ್ಲಿ ಕಟ್ಟಿ ತರುತ್ತಾರೆ. ಈ ವರ್ಷದ ಪ್ರಸಾದದ ಉಸ್ತುವಾರಿ ನನ್ನದು. ನಿನ್ನ ಜುಲೈ ಪತ್ರ ಓದಿದ ಮೇಲೆ ತಲೆಯಲ್ಲಿ ಅದೇ ತುಂಬಿತ್ತು. ಇಷ್ಟೆಲ್ಲ ಮನೆ, ಇಷ್ಟೆಲ್ಲ ಕೈ, ಎಲ್ಲ ಬೇರೆ ಬೇರೆ ಯಾಕೆ? ಎಲ್ಲರೂ ಹಿಟ್ಟು ಹೊತ್ತು ಮಠಕ್ಕೆ ಬನ್ನಿ, ಒಂದೇ ಕಡೆ, ಒಮ್ಮೆಗೇ ಬಡಿಯಿರಿ ಎಂದು ಡಂಗುರ ಹೊಡೆಸಿದೆ. ನೋಡಲಿ ಎಂದು ಬಾಗೇವಾಡಿಯ ಬೀಗರನ್ನೂ ಕರೆಸಿದೆ.

ಬಂದರು. ಹಿಟ್ಟಿನ ಗಂಟು ಗೋಡೆಯುದ್ದಕ್ಕೂ ಸಾಲಾಗಿ ನಿಂತವು. ಮಠದಲ್ಲಿ ಒಲೆ ಇರುವುದೇ ನಾಲ್ಕು. ನಾಲ್ವರು ಬಡಿದರೆ ಉಳಿದವರು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಕೂತರು. ಯಾರ ಹಿಟ್ಟು ಯಾವುದು ಎಂದು ಮತ್ತೊಂದು ಜಗಳ. ಹಿರಿಯಳು ರೇವವ್ವ ಕೂತಲ್ಲಿಂದಲೇ ಕೂಗಿದಳು: ‘ಗುರಪ್ಪಾ, ನನ್ನ ಪಾಳಿ ಈ ವರ್ಷದ್ದೋ, ಬರೂ ವರ್ಷದ್ದೋ?’

ನಿನ್ನ ಚಿಗವ್ವ ಅಷ್ಟಕ್ಕೇ ಬಿಡಲಿಲ್ಲ. ‘ಮನ್ಯಾಗ ಒಲಿ ಇಲ್ಲೇನ್ರಿ ಯಾರಿಗೂ? ಇಷ್ಟಿಷ್ಟು ಬಡೀರಿ ಅಂತ ಹೇಳಿ ಕಳಿಸಿದ್ರ ಮುಗೀತಿತ್ತು. ಹಿಟ್ಟ ಯಾಕ ಊರೆಲ್ಲಾ ಹೊರಿಸಿದ್ರಿ?’ ಎಂದು ಬೀಗರ ಎದುರಿಗೇ ಕೇಳಿದಳು. ಬೀಗರು ಹುಗ್ಗಿ ಅಷ್ಟೇ ಉಂಡು ಬಸ್ಸಿಗೆ ಹೋದರು.

ಊರವರು ಇದನ್ನು ಫಜೀತಿ ಎನ್ನುತ್ತಾರೆ. ನಾನು ಪ್ರಯೋಗ ಎನ್ನುತ್ತೇನೆ, ನಿನ್ನ ಸಲುವಾಗಿ ಮಾಡಿದ್ದು. ಇದರಿಂದ ಏನು ತಿಳಿಯಿತು? ನಿನ್ನ ಫೋಟೋಗಳನ್ನು ಬಾಗಿಲಲ್ಲಿ ಬಿಚ್ಚಿ ಕಟ್ಟುವುದು ಬೇಡ. ಅವು ಇದ್ದಲ್ಲೇ ಇರಲಿ. ಹುಮಾಳ ಹನ್ನೆರಡು ಸಾಲನ್ನೇ ಅಲ್ಲಿಗೆ ಹೇಳಿ ಕಳಿಸು. ಪ್ರಬಂಧದಲ್ಲಿ ನನ್ನ ಹೆಸರು ಹಾಕುವುದಿದ್ದರೆ ಮನೆತನದ ಅಡ್ಡಹೆಸರು ಸಮೇತ ಹಾಕು.

ಸಿಟ್ಟು ಇಳಿದಿಲ್ಲ. ನಿನ್ನ ಮೇಲೆ ಎಷ್ಟು, ಅವರ ಮೇಲೆ ಎಷ್ಟು ಎಂದು ಬೇರೆ ಮಾಡಲು ಬರುತ್ತಿಲ್ಲ.

ಕಾಕಾ
ಗುರಪ್ಪ


ಹುಬ್ಬಳ್ಳಿ
28 ಡಿಸೆಂಬರ್ 2024

ಕಾಕಾ,

ನಿನ್ನ ರೊಟ್ಟಿಯ ಪ್ರಯೋಗವನ್ನು ಚಿಗವ್ವ ಅಂದು ಸಂಜೆಯೇ ಫೋನಿನಲ್ಲಿ ಹೇಳಿದ್ದಳು. ಅವಳು ಹೇಳಿದ್ದರಲ್ಲಿ ಬೀಗರು ಹುಗ್ಗಿಯನ್ನೂ ಉಣ್ಣಲಿಲ್ಲ.

ಶ್ರೇಯ ನಿನಗೆ ಸಿಗುವುದಿಲ್ಲ. ನಿನ್ನ ಪತ್ರ ಬರುವುದಕ್ಕೆ ಮೊದಲೇ, ಸೆಪ್ಟೆಂಬರಿನಲ್ಲಿ ಅದನ್ನು ಮಾಡಿ ಮುಗಿಸಿದ್ದೆ. ಫೋಟೋಗಳು ಈಗ ರನ್‌ಟೈಮಿನ ಕೈಯಲ್ಲೇ ಇರುತ್ತವೆ, ಹುಮಾಳ ಭಾಷೆಯ ಕಡೆಗೆ ಒಂದು ಗುರುತಿನ ಚೀಟಿ ಮಾತ್ರ ಬರುತ್ತದೆ. ಅವಳ ಹನ್ನೆರಡು ಸಾಲನ್ನು ಒಳಗಿನಿಂದಲೇ ಕೆಳಮಟ್ಟದ ಭಾಷೆಗೆ ತಿರುಗಿಸಿ ಎಲ್ಲ ಕಡೆಗೂ ಕಳಿಸುತ್ತೇನೆ. ಒಂದೇ ಕಾಟಾದ ಮುಂದೆ ಯಾರೂ ನಿಲ್ಲಬೇಕಿಲ್ಲ. ಹುಮಾಳಿಗೆ ಇದ್ಯಾವುದೂ ಕಾಣುವುದಿಲ್ಲ, ಮೊದಲಿನಂತೆ ಬರೆಯುತ್ತಾಳೆ, ಚಹಾ ಆರುವುದರೊಳಗೆ ಉತ್ತರ ಬರುತ್ತದೆ. ಸರ್ ಬರೆಸಿದ ಕೆಳಮಟ್ಟದ ಭಾಷೆಯ ಪ್ರೋಗ್ರಾಮಿಗೂ ಇದಕ್ಕೂ ವೇಗದಲ್ಲಿ ಈಗ ಹೇಳಿಕೊಳ್ಳುವಂಥ ಅಂತರವಿಲ್ಲ.

ಸಮಿತಿಯಲ್ಲಿ ಇದನ್ನು ತೋರಿಸಿದೆ. ಸರ್ ಒಪ್ಪಿದರು. ಒಪ್ಪಿ ಏನೆಂದರು ಗೊತ್ತೇ? ‘ವೇಗ ಚೆನ್ನಾಗಿದೆ. ರನ್‌ಟೈಮಿನ ಭಾಗ ಉಳಿಸಿಕೊಳ್ಳಿ. ಭಾಷೆಯ ಅಧ್ಯಾಯ ಬೇಡ. ಜನಕ್ಕೆ ಅನುಕೂಲ ಮಾಡಿಕೊಡೋದು ಸಂಶೋಧನೆ ಅಲ್ಲ.’ ನಿಧಾನ ಎಂದು ಬೇಡವಾಗಿದ್ದ ಅಧ್ಯಾಯ ಈಗ ಅನುಕೂಲ ಎಂದು ಬೇಡವಾಯಿತು. ಎಷ್ಟು ಓಡಿದರೂ ಗೆರೆಯನ್ನು ಮುಂದೆ ಎಳೆಯುತ್ತಲೇ ಇದ್ದಾರೆ ಅನಿಸಿತು. ಅಷ್ಟರಲ್ಲಿ ಅವರು ಫೈಲು ತೆಗೆದು ‘ನಾಲ್ಕು ತಾಲೂಕಿನ ಕಥೆಯೂ ಒಂದು ಇದೆ’ ಎಂದರು. ಕೆಲವರು ನಕ್ಕರು.

ನಾನು ಎದ್ದು ನಿಂತೆ. ಊರಿನ ಮಾತೇ ಬಾಯಿಗೆ ಬಂತು. ‘ಆ ಪತ್ರದಾಗ ಬರದದ್ದು ಸುಳ್ಳ ಐತ್ರಿ ಸರ್. ಬರದಾವ್ರು ನಮ್ಮ ಕಾಕಾ. ಆದ್ರ ಹುಮಾ ಸುಳ್ಳಲ್ಲ. ಆಕಿ ಬರಿಯೂ ಭಾಷಾದ ಅಧ್ಯಾಯ ತಗದು ನಾ ಡಿಗ್ರಿ ತಗೊಳ್ಳೂದಿಲ್ರಿ.’ ಸಮಿತಿಯಲ್ಲಿದ್ದ ಬುಶ್ರಾ ಮೇಡಂ ಮಾತ್ರ ಕೇಳಿದರು: ‘ಸರ್, ಆ ಅಧ್ಯಾಯ ತೆಗೆದ ಮೇಲೆ ಈ ಯಂತ್ರಕ್ಕೆ ಪ್ರಶ್ನೆ ಕೇಳೋರು ಯಾರು?’ ಸರ್ ಗಡಿಯಾರ ನೋಡಿ, ಮುಂದಿನವರು ಬರಲಿ ಎಂದರು.

ಸಹಿ ಆಗಲಿಲ್ಲ. ಮರುದಿನ ನಾನೇ ಅರ್ಜಿ ಕೊಟ್ಟು ಬುಶ್ರಾ ಮೇಡಂ ಕೈಕೆಳಗೆ ಹೋದೆ. ನಿಯಮದ ಪ್ರಕಾರ ಇನ್ನೊಂದು ವರ್ಷ ಹಿಡಿಯುತ್ತದೆ. ಅಪ್ಪನಿಗೆ ಇನ್ನೂ ಹೇಳಿಲ್ಲ, ನೀನೂ ಹೇಳಬೇಡ. ಭಾಷೆಯ ಅಧ್ಯಾಯ ಈಗ ಪ್ರಬಂಧದಲ್ಲಿ ಮೊದಲನೆಯದು.

ಕಟ್ಟಿದ್ದನ್ನು ಯಾರು ಬೇಕಾದರೂ ಬಳಸಲಿ ಎಂದು ಇಂಟರ್ನೆಟ್ಟಿನಲ್ಲಿ ಬಿಟ್ಟಿದ್ದೇನೆ. ಮುದ್ದೇಬಿಹಾಳ ತಾಲೂಕಿನ ನಾಲತವಾಡದಿಂದ ಚೇತನಕುಮಾರ ಎಂಬ ಮಾಸ್ತರರು ಶೇಂಗಾ ಎಲೆಯ ಚುಕ್ಕೆಗೆ ತಮ್ಮದೇ ನಿಯಮ ಬರೆದು ಓಡಿಸಿ, ಒಂದು ತಪ್ಪನ್ನೂ ಹಿಡಿದು ಕಳಿಸಿದ್ದಾರೆ. ನನಗೆ ಅವರ ಪರಿಚಯವೇ ಇಲ್ಲ. ಹಿಗ್ಗಬೇಡ, ನೀನು ಬರೆದಾಗ ಅದು ಸುಳ್ಳೇ ಆಗಿತ್ತು.

ಈಗ ನನ್ನ ಕೆಲಸ ಒಂದಿದೆ ನಿನ್ನ ಕಡೆ. ಆ ಪತ್ರ ನಾನು ಬರೆಸಿದ್ದಲ್ಲ ಎಂದು ಎಷ್ಟು ಸಲ ಹೇಳಿದರೂ ಅದು ನನ್ನ ಮಾತು ಮಾತ್ರ. ಹೊಸ ಸಮಿತಿಯ ಮುಂದೆ ಹೋಗುವಾಗ ಆ ಅನುಮಾನ ನನ್ನ ಬೆನ್ನಿಗೆ ಇರಬಾರದು. ಸರ್‌ಗೆ ನೀನೇ ಬರೆ. ಸುಳ್ಳನ್ನು ಸುಳ್ಳು ಎಂದು ಬರೆ. ಮುಂಚಿತವಾಗಿ ಹೇಳಿದ್ದು, ಪ್ರಯೋಗ, ಅಂಥದ್ದೆಲ್ಲ ಬೇಡ.

ಭುವ್ವಿ


ಇಂಡಿ
11 ಫೆಬ್ರವರಿ 2025

ಪ್ರೇಮಕುಮಾರ ಸರ್ ಅವರಿಗೆ,

ಈ ಪತ್ರವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಸಂಘದ ಹಾಳೆಯ ಮೇಲೆ ಬರೆದಿಲ್ಲ. ಹೋದ ತಿಂಗಳ ಸಭೆಯಲ್ಲಿ ಎಲ್ಲ ಹೇಳಿ ಉಪಾಧ್ಯಕ್ಷ ಸ್ಥಾನ ಬಿಟ್ಟೆ. ಬಿಡಿಸಿದರು ಎಂದು ಹೇಳುವವರೂ ಇದ್ದಾರೆ. ಈಗ ಆ ಜಾಗದಲ್ಲಿ ರಸೂಲಸಾಬ ಇದ್ದಾನೆ, ಶಿಕ್ಕಾವನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದ್ದಾನೆ.

ಆಗಸ್ಟಿನಲ್ಲಿ ನಾನು ತಮಗೆ ಬರೆದದ್ದು ಸುಳ್ಳು. ಸಿಂದಗಿ ಸುಳ್ಳು. ಬಸವನ ಬಾಗೇವಾಡಿ ಸುಳ್ಳು. ಮುದ್ದೇಬಿಹಾಳ ಅಂದು ಸುಳ್ಳು. ಇಂಡಿಯಲ್ಲಿ ಬಳಸುತ್ತಿದ್ದವಳು ಹುಮಾ ಒಬ್ಬಳೇ. ಭುವನೇಶ್ವರಿ ನನ್ನಿಂದ ಏನನ್ನೂ ಬರೆಸಲಿಲ್ಲ. ಏನೂ ಮಾಡಬೇಡ ಎಂದು ಅವಳು ಕೈಯಾರೆ ಬರೆದು ತಿಳಿಸಿದ ಮೇಲೂ ನಾನು ಬರೆದೆ. ಅವಳ ವರದಿಯಲ್ಲಿ ಇರುವುದೇ ನಿಜ. ನನ್ನ ಮಾತಿನಿಂದ ಅವಳ ಮೇಲೆ ಬಿದ್ದ ಅನುಮಾನಕ್ಕೆ ಕಾರಣ ನಾನು, ನಾನೊಬ್ಬನೇ. ಇದಕ್ಕೆ ತಮ್ಮಲ್ಲಿ ಕ್ಷಮೆ ಕೇಳುತ್ತೇನೆ. ಈ ಮಾತನ್ನು ನಾನು ಇದುವರೆಗೆ ಯಾರಿಗೂ ಬರೆದವನಲ್ಲ, ನನ್ನ ಹೆಂಡತಿ ಇದನ್ನು ಓದಿಸಿಕೊಂಡು ಎರಡು ಸಲ ಕೇಳಿದಳು.

ಈ ಪತ್ರವನ್ನು ಫೈಲಿನಲ್ಲಿ ಹಳೆಯದರ ಮೇಲೆ ಇಡಬೇಕೆಂದು ಪ್ರಾರ್ಥನೆ.

ಇಲ್ಲಿಗೆ ಕ್ಷಮೆಯ ಭಾಗ ಮುಗಿಯಿತು. ಭುವನೇಶ್ವರಿ ಇಷ್ಟೇ ಬರೆ ಎಂದಿದ್ದಳು. ಮುಂದಿನದು ನನ್ನದು, ಅವಳಿಗೆ ಸಂಬಂಧವಿಲ್ಲ.

ರೋಗ ಬಿದ್ದ ಎಲೆಯನ್ನು ಕೈಯಲ್ಲಿ ಹಿಡಿದು ನೋಡಿದವಳನ್ನು ತಾವು ನೆಪ ಎಂದಿರಿ. ಅವಳು ಬರೆದದ್ದು ನಿಧಾನ ಎಂದಿರಿ. ನಿಧಾನವಲ್ಲ ಎಂದು ತೋರಿಸಿದಾಗ, ಸುಲಭವಾದದ್ದು ವಿದ್ಯೆಯೇ ಅಲ್ಲ ಎಂದಿರಿ. ಒಬ್ಬ ಹುಡುಗಿಯ ಒಂದು ವರ್ಷ ಹೋಯಿತು. ಆ ವರ್ಷದಲ್ಲಿ ನನ್ನ ಸುಳ್ಳಿನ ಪಾಲು ಎಷ್ಟಿದೆಯೋ ಅಷ್ಟನ್ನು ನಾನು ಹೊತ್ತಿದ್ದೇನೆ. ಉಳಿದದ್ದು ತಮ್ಮದು.

ಸುಳ್ಳು ಹೇಳಿದ್ದಕ್ಕೆ ಮೇಲೆ ಕ್ಷಮೆ ಕೇಳಿದ್ದೇನೆ. ಸಿಟ್ಟು ಬಂದದ್ದಕ್ಕೆ ಕೇಳಿಲ್ಲ, ಕೇಳುವುದೂ ಇಲ್ಲ. ಅದನ್ನೂ ಫೈಲಿಗೆ ಹಾಕಿಕೊಳ್ಳಿ.

ಗುರಪ್ಪ
ನಿಂಬೆ ಬೆಳೆಗಾರ